ಸ್ಲೈಡಿನ ಅಂಚು ನೋಡುವ ಮೊದಲೇ ಹೇಳಿಬಿಟ್ಟ ಮಾತು

ಬಳ್ಳಾರಿಯಲ್ಲಿ ಪೆಥಾಲಜಿಸ್ಟ್ ಆಗಿ ನನ್ನ ಎರಡನೇ ವರ್ಷ. ಕುಷ್ಟಗಿ ಕಡೆಯ ಒಂದು ಕೂಸು, ಹುಟ್ಟಿ 48 ಗಂಟೆ ದಾಟಿದರೂ ಮೊದಲ ಕಪ್ಪು ಮಲ ಹೋಗಿರಲಿಲ್ಲ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಹಿರ್ಷ್‌ಸ್ಪ್ರಂಗ್ ಕಾಯಿಲೆಯ (ಕರುಳಿನ ಕೆಳತುದಿಯಲ್ಲಿ ನರಕೋಶಗಳೇ ಇಲ್ಲದ ಹುಟ್ಟುಕಾಯಿಲೆ) ಅನುಮಾನದಲ್ಲಿ ಗುದನಾಳದ ಬಯಾಪ್ಸಿ ನನ್ನ ಮೇಜಿಗೆ ಬಂತು.

ಕರುಳಿನ ನರಕೋಶಗಳು ಕರುಳಿನಲ್ಲಿ ಹುಟ್ಟುವುದಿಲ್ಲ. ಭ್ರೂಣದ ಕುತ್ತಿಗೆ ಮಟ್ಟದಲ್ಲಿ, ಬೆನ್ನುಹುರಿಯಾಗುವ ಭಾಗದ ಅಂಚಿನಲ್ಲಿರುವ ನ್ಯೂರಲ್ ಕ್ರೆಸ್ಟ್‌ನಿಂದ ಹೊರಟು, ಸುಮಾರು 4ನೇ ವಾರಕ್ಕೆ ಮುಂಗರುಳನ್ನು ಹೊಕ್ಕು, 7ನೇ ವಾರದ ಹೊತ್ತಿಗೆ ಗುದನಾಳ ಮುಟ್ಟುತ್ತವೆ. ತಂದೆತಾಯಿಗೆ ನಾನಿದನ್ನು ಗುಳೆ ಎಂದೇ ಹೇಳುತ್ತೇನೆ. ಕೊಪ್ಪಳ, ರಾಯಚೂರಿನವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಗುಳೆ ಹೊರಟ ಕೋಶಗಳು ನಡುದಾರಿಯಲ್ಲೇ ನಿಂತರೆ ಅಲ್ಲಿಂದ ಕೆಳಗಿನ ಕರುಳು ಸಡಿಲಾಗದೆ ಬಿಗಿದೇ ಇರುತ್ತದೆ.

ಸಬ್‌ಮ್ಯುಕೋಸಾದಲ್ಲಿ (ಕರುಳಿನ ಒಳಪೊರೆಯ ಕೆಳಗಿನ ಪದರ) ಗ್ಯಾಂಗ್ಲಿಯಾನ್ ಕೋಶ, ಅಂದರೆ ಇದೇ ನರಕೋಶ, ಹುಡುಕಿದೆ. ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಸರ್ಜನ್ ಫೋನ್ ಬಂತು. "ಕಾಣ್ತಿಲ್ಲ ಸರ್" ಎಂದುಬಿಟ್ಟೆ. ಕರುಳನ್ನು ಹೊಟ್ಟೆಯ ಮೇಲಕ್ಕೆ ತೆರೆಯಬೇಕಾದೀತು ಎಂಬ ಮಾತು ಅಪ್ಪನ ಕಿವಿಗೂ ಬಿತ್ತು. ಆತ ದುಡ್ಡು ಹೊಂದಿಸಲು ಊರಿನ ಬಸ್ಸು ಹತ್ತಿದ.

ಸಂಜೆ ವರದಿ ಬರೆಯುವ ಮುಂಚೆ ಮತ್ತೊಮ್ಮೆ ನೋಡಿದೆ. ತುಂಡಿನ ಒಂದು ಅಂಚಿನಲ್ಲಿ ಲೋಳೆಗ್ರಂಥಿಗಳ ಸಾಲು ಮುಗಿದು, ಚರ್ಮದಂಥ ಪದರಪದರದ ಸ್ಕ್ವೇಮಸ್ ಹೊದಿಕೆ ಶುರುವಾಗಿತ್ತು. ನನ್ನ ಕೈ ತಣ್ಣಗಾಯಿತು. ಅದು ಗುದದ್ವಾರದ ಒಳಗಿನ ಡೆಂಟೇಟ್ ಗೆರೆಯ ಪಕ್ಕದ ತುಂಡು! ಭ್ರೂಣದ ಹಿಂಗರುಳು ಮುಗಿದು ಹೊರಪದರದಿಂದ ಬಂದ ಭಾಗ ಸೇರುವ ಜಾಗ ಅದು. ಅದರ ಮೇಲಿನ ಸುಮಾರು ಒಂದು ಸೆಂಟಿಮೀಟರಿನಲ್ಲಿ ಆರೋಗ್ಯವಂತ ಕೂಸಿಗೂ ಈ ಕೋಶಗಳು ಅಪರೂಪ. ಅಂಥ ತುಂಡು ನೋಡಿ ರೋಗ ಇದೆ ಎನ್ನಲು ಬರುವುದಿಲ್ಲ. ಕೂಡಲೇ ಸರ್ಜನ್‌ಗೆ ಫೋನ್ ಮಾಡಿ, ನಾನು ದುಡುಕಿದೆ ಎಂದು ಒಪ್ಪಿಕೊಂಡೆ.

ಗೆರೆಯಿಂದ 2 ಸೆಂಟಿಮೀಟರ್ ಮೇಲಿನಿಂದ, ಸಬ್‌ಮ್ಯುಕೋಸಾ ಸಾಕಷ್ಟು ಬರುವಂತೆ ಮತ್ತೆ ತುಂಡು ತೆಗೆದರು. ನಮ್ಮ ಟೆಕ್ನಿಷಿಯನ್ ಊಟ ಬಿಟ್ಟು ಕೂತು ಸಾಲಾಗಿ ಸೆಕ್ಷನ್ ಕೊಯ್ದು ಕೊಟ್ಟ. ನವಜಾತ ಶಿಶುವಿನ ಗ್ಯಾಂಗ್ಲಿಯಾನ್ ಕೋಶ ಇನ್ನೂ ಬಲಿತಿರುವುದಿಲ್ಲ. ಪುಟ್ಟದು, ಲಿಂಫೋಸೈಟ್ (ಒಂದು ಬಗೆಯ ಬಿಳಿರಕ್ತಕಣ) ಎಂದು ಕಣ್ಣು ದಾಟಿಬಿಡುತ್ತದೆ. ಬಹಳ ಹೊತ್ತಿನ ಮೇಲೆ ಒಂದು ಗುಂಪು ಸಿಕ್ಕಿತು, ಪಕ್ಕದ ಸೆಕ್ಷನ್ನಿನಲ್ಲೂ ಅದೇ ಗುಂಪು. ಕ್ಯಾಲ್‌ರೆಟಿನಿನ್ ಬಣ್ಣ ಹಾಕಿದಾಗ ಮ್ಯುಕೋಸಾದ (ಒಳಪೊರೆಯ) ಸಣ್ಣ ನರದೆಳೆಗಳೂ ಕಂದಾಗಿ ಕಂಡವು. ನರಕೋಶಗಳು ಗುದನಾಳ ಮುಟ್ಟಿದ್ದವು, ಕಾಯಿಲೆ ಇರಲಿಲ್ಲ.

ಅಂದಿನಿಂದ ಸ್ಲೈಡು ನೋಡುವ ಮೊದಲೇ ಕೇಳುತ್ತೇನೆ: ಗೆರೆಯಿಂದ ಎಷ್ಟು ಮೇಲೆ ತೆಗೆದದ್ದು? ಎಲ್ಲ ಸೆಕ್ಷನ್ ಮುಗಿಯುವ ತನಕ ಫೋನಿನಲ್ಲಿ "ಇದೆ", "ಇಲ್ಲ" ಎರಡೂ ಹೇಳುವುದಿಲ್ಲ.

ಆ ದಿನ ವಾರ್ಡಿಗೆ ನಾನೇ ಹೋದೆ. ಕೂಸಿನ ಹೊಟ್ಟೆ ಇಳಿದಿತ್ತು, ಮಲ ಹೋಗತೊಡಗಿತ್ತು. ತಾಯಿ ಕೇಳಿದ್ದು ಒಂದೇ: "ಹಂಗಾರ ಹೊಟ್ಟಿ ಕೊಯ್ಯೂದು ಬ್ಯಾಡೇನ್ರಿ?"

"ಬ್ಯಾಡವ್ವ" ಎಂದೆ. ಆಕೆ ಗಂಡನಿಗೆ ಫೋನ್ ಹಚ್ಚಿದಳು.