ಜುಲು ಕೋವಿ ಕೊಳ್ಳುವ ಮುನ್ನ ನೋಡಬೇಕಾದ ಗಾಯದ ಗುರುತುಗಳು

ಹಳೆ ಆಯುಧಗಳ ಹರಾಜಿನಲ್ಲಿ 'ಜುಲು' ಹೆಸರಿನ ಒಂಟಿನಳಿಗೆ ಚರೆ ಕೋವಿ ಕಂಡರೆ ಅದು ಆಫ್ರಿಕಾದಲ್ಲಿ ತಯಾರಾದದ್ದು ಅಂದುಕೊಳ್ಳಬೇಡಿ. ಹೆಸರು ವ್ಯಾಪಾರಿಗಳದು, ಹುಟ್ಟು ಫ್ರಾನ್ಸಿನ ಸೈನ್ಯದ್ದು. ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕುಗಳಿಗೆ 1867ರಲ್ಲಿ ಹಿಂದಿನಿಂದ ತೋಟಾ ಹಾಕುವ ಬ್ರೀಚ್ ಕೂರಿಸಿದರು. ಮಗ್ಗುಲಿಗೆ ತೆರೆದುಕೊಳ್ಳುವ ಅದರ ಮುಚ್ಚಳ ನಶ್ಯದ ಡಬ್ಬಿಯಂತಿತ್ತು, ಹಾಗಾಗಿ 'ತಬಾತಿಯೇರ್', ಫ್ರೆಂಚಿನಲ್ಲಿ ನಶ್ಯದ ಡಬ್ಬಿ ಎಂಬ ಹೆಸರು. 1870ರ ಪ್ರಷ್ಯಾ ಯುದ್ಧದ ನಂತರ ಸೈನ್ಯಕ್ಕೆ ಬೇಡವಾದ ಇವು ಬೆಲ್ಜಿಯಂನ ಲಿಯೇಜ್ ಸೇರಿದವು. ಅಲ್ಲಿ 17.8 ಮಿ.ಮೀ. ನಳಿಗೆಯ ತಿರುಪುಗೆರೆಗಳನ್ನು ಕೊರೆದು ನುಣ್ಣಗೆ ಮಾಡಿ, ಸುಮಾರು 18.5 ಮಿ.ಮೀ.ನ 12 ಬೋರ್ ಆಗಿಸಿ, ಬಡವರ ಬೇಟೆಕೋವಿಯಾಗಿ ಮಾರಿದರು.

ಇಂಥ ಕೋವಿಯ ಬೆಲೆ ಇರುವುದು ಹೊಳಪಿನಲ್ಲಲ್ಲ, ಉಳಿದ ಗುರುತುಗಳಲ್ಲಿ. ಮುಂಗಟ್ಟಿಗೆಯನ್ನು (ನಳಿಗೆಯ ಕೆಳಗಿನ ಮರವನ್ನು) ಅರ್ಧಕ್ಕೆ ಕತ್ತರಿಸಿರುತ್ತಾರೆ. ನಳಿಗೆಯನ್ನು ಮರಕ್ಕೆ ಬಿಗಿಯುವ ಕಟ್ಟುಬಳೆಗಳ ಸ್ಪ್ರಿಂಗ್ ಕೂರುತ್ತಿದ್ದ ತೋಡಿಗೆ ಮರದ ಚೂರು ತುಂಬಿರುವುದು ಓರೆ ಬೆಳಕಿನಲ್ಲಿ ಕಾಣುತ್ತದೆ. ನಳಿಗೆಯ ಮೇಲೆ ಹಿಂಗುರಿ (ಗುರಿ ನೋಡುವ ಹಿಂದಿನ ಕಚ್ಚು) ಇದ್ದ ಜಾಗದಲ್ಲಿ ಬೆಸುಗೆಯ ಕಲೆ ಹುಡುಕಿ. ಬ್ರೀಚಿನ ಹಿಂದಿನ ಪಟ್ಟಿಯಲ್ಲಿ ಮೂಲ ಮಾದರಿಯ ವರ್ಷ ಇದ್ದರೆ ಅದೃಷ್ಟ. ಲಾಕಿನ (ಕೋವಿ ಹೊಡೆಯುವ ಯಂತ್ರಾಂಗದ) ತಗಡಿನ ಮೇಲೆ ಸೇಂಟ್ ಎತಿಯೆನ್, ಮುತ್ಸಿಗ್, ತ್ಯೂಲ್ ಕಾರ್ಖಾನೆಗಳ ಹೆಸರು ಸವೆದು ಅರ್ಧ ಉಳಿದಿರಬಹುದು. ಅಂಡಾಕಾರದೊಳಗೆ 'ಇ ಎಲ್ ಜಿ' ಎಂದಿದ್ದರೆ ಅದು ಲಿಯೇಜಿನ ಪರೀಕ್ಷಾ ಮುದ್ರೆ. ಇದನ್ನೆಲ್ಲ ಉಜ್ಜಿ ಮಿರಮಿರ ಮಾಡಿದ ಕೋವಿಗೆ ದುಡ್ಡು ಕೊಡಬೇಡಿ.

ಎಲ್ಲಕ್ಕಿಂತ ಮೊದಲು ಹಿಡಿಯ ಕತ್ತು ನೋಡಿ. ಫ್ರೆಂಚರ ಲಾಕಿನಲ್ಲಿ ಮುಖ್ಯ ಸ್ಪ್ರಿಂಗ್ ಕುದುರೆಯ (ಬಡಿಯುವ ಸುತ್ತಿಗೆಯ) ಹಿಂದಿರುತ್ತದೆ. ಅದಕ್ಕೆಂದು ಮರದ ಅತಿ ಸಣ್ಣ ಭಾಗವನ್ನೇ ಟೊಳ್ಳು ಮಾಡಬೇಕಾಯಿತು, ಹಾಗಾಗಿ ಬಿರುಕು ಬಿಡುವುದೂ ಅಲ್ಲೇ. ಹಿಂದಿನವರು ಹಿತ್ತಾಳೆ ತಂತಿ ಸುತ್ತಿದ್ದರೆ ಬಿಚ್ಚಬೇಡಿ. ಅದೂ ಕೋವಿಯ ಚರಿತ್ರೆಯೇ. ಆಮೇಲೆ ಕುದುರೆಯನ್ನು ಅರ್ಧಕ್ಕೆ ಎಳೆದು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ. ಜಾರಿದರೆ ಒಳಗಿನ ಕಚ್ಚು ಸವೆದಿದೆ. ಮುಚ್ಚಳ ತೆರೆದು ಹಿಂದಕ್ಕೆ ಎಳೆದಾಗ ತೋಟಾ ಹೊರತೆಗೆಯುವ ಕೊಕ್ಕೆಯೂ ಜೊತೆಗೆ ಬರಬೇಕು. ಬಹಳ ಕೋವಿಗಳಲ್ಲಿ ಕೊಕ್ಕೆ ಮುರಿದಿರುತ್ತದೆ, ಕೀಲಿನ ಸರಳು ಬಾಗಿರುತ್ತದೆ.

ಹೊಡೆಯಬಹುದೇ ಎಂದು ಕೇಳುವವರಿಗೆ ಉತ್ತರ: ಬೇಡ. ಇದು ಕರಿಮದ್ದಿನ ಕಾಲದ ಕಬ್ಬಿಣ. ಸವೆದ ಮುಚ್ಚಳದ ಹಿಂದೆ ಸಂದು ಬಿದ್ದಾಗ ತೋಟಾದ ತಳಕ್ಕೆ ಆಸರೆ ಇಲ್ಲದೆ ಅದು ಸೀಳಿ, ಬಿಸಿ ಅನಿಲ ತೋಟಾಕ್ಕೆ ಬಡಿಯುವ ಪಿನ್ನಿನ ತೂತಿನಿಂದ ನೇರ ಮುಖಕ್ಕೆ ಬರುತ್ತದೆ. ಈಗಿನ 70 ಮಿ.ಮೀ. ತೋಟಾ ಅಲ್ಲಿ ಕೂತ ಮಾತ್ರಕ್ಕೆ ಅದು ಆ ಕೋವಿಯದಲ್ಲ.

ತುಕ್ಕಿಗೆ ಸೀಮೆಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ತಾಮ್ರದ ಚೂರಿನಿಂದ ಕೆರೆಯಿರಿ. ಕಬ್ಬಿಣಕ್ಕಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ. ಫ್ರೆಂಚ್ ತಿರುಪುಗಳ ತಲೆಯ ಸೀಳು ಕಿರಿದು. ಅಂಗಡಿಯ ಸ್ಕ್ರೂಡ್ರೈವರ್ ತುದಿಯನ್ನು ಅದಕ್ಕೆ ಸರಿಯಾಗಿ ಅರದಿಂದ ತಿಕ್ಕಿಕೊಳ್ಳದಿದ್ದರೆ ತಲೆ ಕಿತ್ತುಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಲೇಬೇಡಿ, ಚರ್ಮ ತೇವ ಹಿಡಿಯುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಸಲೀಸು: 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಅಲ್ಲಿನ ಕೇಂದ್ರ ಕಾನೂನಿನಲ್ಲಿ ಪ್ರಾಚೀನ ವಸ್ತು. ಭಾರತದಲ್ಲಿ 1959ರ ಆಯುಧ ಕಾಯ್ದೆಯ 45ನೇ ಕಲಮು ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಹಾರಿಸಲಾಗದ ಹಳೆ ಆಯುಧಕ್ಕೆ. ಸುಸ್ಥಿತಿಯ ಜುಲು ಹಳೆಯದಾದರೂ ಆ ಲೆಕ್ಕಕ್ಕೆ ಬರುವುದಿಲ್ಲ, ಲೈಸೆನ್ಸ್ ಬೇಕು.