ಸೈಕ್ಲೋನ್ ರೇಸರ್ ಮಾದರಿ: ಎಂಜಿನ್ ಕೂತಿತು, ಟ್ಯಾಂಕಿಗೆ ಹಳದಿ ಬಂತು

ನಾನು ಕಟ್ಟುತ್ತಿರುವ 1914ರ ಸೈಕ್ಲೋನ್ ರೇಸ್ ಬೈಕಿನ ಪುಟ್ಟ ಮಾದರಿ ಈಗ ಒಂದು ಆಕಾರಕ್ಕೆ ಬಂದಿದೆ. ಅಸಲಿಯ ಆರನೇ ಒಂದು ಅಳತೆ. ಫ್ರೇಮ್ ಮೊದಲೇ ಮುಗಿದಿತ್ತು, ಎಂಜಿನ್ ಈ ವಾರ ಅದರೊಳಗೆ ಕೂತಿತು.

ಇದು ಅಮೆರಿಕದ ಸೇಂಟ್ ಪಾಲ್ ಊರಿನ ಬೈಕು. ಎಂಜಿನ್ ರೂಪಿಸಿದವರು ಆಂಡ್ರ್ಯೂ ಸ್ಟ್ರಾಂಡ್. ಸುಮಾರು 1000 ಸಿಸಿಯ ವಿ-ಟ್ವಿನ್, ಅಂದರೆ V ಆಕಾರದಲ್ಲಿ ಎರಡು ಸಿಲಿಂಡರ್. ಆಗಿನ ಬೇರೆ ಅಮೆರಿಕನ್ ಬೈಕುಗಳಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಕೆಳಗೆ ಇರುತ್ತಿತ್ತು. ಸ್ಟ್ರಾಂಡ್ ಅದನ್ನು ಸಿಲಿಂಡರ್ ಹೆಡ್ ಮೇಲಕ್ಕೇ ಒಯ್ದರು. ಅದನ್ನು ತಿರುಗಿಸಲು ಕೆಳಗಿನಿಂದ ಶಾಫ್ಟ್, ತುದಿಯಲ್ಲಿ ತಿರುಗುವ ದಿಕ್ಕು ಬದಲಿಸುವ ಓರೆ ಹಲ್ಲಿನ ಬೆವೆಲ್ ಗೇರ್. ಆ ಶಾಫ್ಟ್ ಮುಚ್ಚಿರುವ ಕೊಳವೆಗಳೇ ಈ ಬೈಕಿನ ಗುರುತು. ಚಂದಕ್ಕೆ ಅಂತ ಹಾಕಿದ್ದಲ್ಲ, ಆದರೂ ಕಣ್ಣು ಮೊದಲು ಹೋಗೋದು ಅಲ್ಲಿಗೇ. ನಾನು ಈ ಬೈಕನ್ನು ಆರಿಸಿಕೊಂಡಿದ್ದೂ ಅದಕ್ಕೇ.

ಹಾಗಾಗಿ ಜಾಸ್ತಿ ಹೊತ್ತು ಹೋಗಿದ್ದು ಈ ಕೊಳವೆಗಳಿಗೆ. ತೆಳ್ಳನೆ ಹಿತ್ತಾಳೆ ಟ್ಯೂಬ್ ಕತ್ತರಿಸಿ, ಬೆವೆಲ್ ಗೇರಿನ ಡಬ್ಬಿಗಳನ್ನು ಲೇತ್‌ನಲ್ಲಿ ಮಾಡಿ, ಬೆಸುಗೆ ಹಾಕಿದೆ. ಕೊಳವೆ ಕೂದಲೆಳೆಯಷ್ಟು ವಾಲಿದರೂ ಇಡೀ ಎಂಜಿನ್ ಸೊಟ್ಟ ಕಾಣುತ್ತೆ. ಸಿಲಿಂಡರನ್ನು ತಣ್ಣಗಿಡುವ ತೆಳು ಹಾಳೆಗಳಿವೆಯಲ್ಲ, ಆ ಫಿನ್‌ಗಳಿಗೆ ಒಂದು ದೊಡ್ಡ ಬಿಲ್ಲೆ, ಒಂದು ಚಿಕ್ಕ ಬಿಲ್ಲೆ ಅಂತ ಸರಳಿಗೆ ಪೋಣಿಸುತ್ತಾ ಹೋದೆ. ಬೆಳಕು ಬಿದ್ದಾಗ ನಡುವಿನ ಸಂದುಗಳು ಕಪ್ಪಗೆ, ಚೂಪಾಗಿ ಕಾಣುತ್ತವೆ.

ಟ್ಯಾಂಕಿಗೆ ಸೈಕ್ಲೋನಿನ ಹಳದಿಯೇ ಬೇಕು. ನಟ ಸ್ಟೀವ್ ಮೆಕ್ವೀನ್ ಬಳಿ ಇದ್ದ ಸೈಕ್ಲೋನ್ 2015ರ ಹರಾಜಿನಲ್ಲಿ 8,52,500 ಡಾಲರಿಗೆ ಹೋಗಿತ್ತು. ಅದರ ಫೋಟೋ ಮುಂದಿಟ್ಟುಕೊಂಡು ಬಣ್ಣ ಕಲಸಿದೆ. ಬೂದು ಪ್ರೈಮರ್ ಮೇಲೆ ಹಳದಿ ಮಂಕಾಗುತ್ತೆ, ಅದಕ್ಕೇ ಕೆಳಗೆ ಬಿಳಿ ಹಚ್ಚಿದ್ದು. ತೆಳ್ಳಗೆ, ಪದರ ಪದರವಾಗಿ ಹೊಡೆದ ಮೇಲೆ ಆ ಹೊಳಪು ಬಂತು.

ಅಸಲಿ ಬೈಕಿನಲ್ಲಿ ಕ್ಲಚ್ ಇಲ್ಲ, ಗೇರ್ ಇಲ್ಲ, ಬ್ರೇಕೂ ಇಲ್ಲ. ಮರದ ಹಲಗೆ ಜೋಡಿಸಿದ ಇಳಿಜಾರು ಟ್ರ್ಯಾಕಿನಲ್ಲಿ ಸುಮ್ನೆ ಪೂರ್ತಿ ವೇಗದಲ್ಲಿ ಸುತ್ತೋಕೆ ಕಟ್ಟಿದ್ದು ಅಲ್ವಾ. ಸವಾರ ಓಡಿಸುತ್ತಲೇ ಕೈಪಂಪ್ ಒತ್ತಿ ಎಂಜಿನ್‌ಗೆ ಎಣ್ಣೆ ಕೊಡಬೇಕಿತ್ತು. ಅಷ್ಟು ವೇಗದಲ್ಲಿ ಒಂದು ಕೈ ಬಿಡೋದು ಅಂದ್ರೆ ಎಂಥ ಗುಂಡಿಗೆ!

ಮುಂದಿನದು ಆ ಪಂಪ್. ಆಮೇಲೆ ಚಕ್ರ. ಅಸಲಿ 28 ಇಂಚು, ನನ್ನದು 12 ಸೆಂಟಿಮೀಟರಿನ ಆಸುಪಾಸು. ಕಡ್ಡಿಗಳಿಗೆ ಗಿಟಾರ್ ತಂತಿ ತಂದಿಟ್ಟಿದ್ದೀನಿ. ಹ್ಯಾಂಡಲ್‌ಬಾರ್ ಕೊನೆಗೆ. ಅದು ಎಷ್ಟು ಕೆಳಕ್ಕೆ ಬಾಗುತ್ತದೋ ಅಷ್ಟು ಈ ಬೈಕಿಗೆ ಗತ್ತು.