ಇಲ್ಲಿ ಇಲ್ಲ

ಗಾಡಿ ರಿಪೇರಿಯ ಮೇಸ್ತ್ರಿ ಬಂದಿದ್ದು ಮಂಗಳವಾರ. ಇವತ್ತು ಶುಕ್ರವಾರ. ಆ ಸುತ್ತಿಗೆಯ ಸದ್ದು ಇನ್ನೂ ಕಿವಿ ಬಿಟ್ಟು ಹೋಗಿಲ್ಲ.

ಎಂಟು ತಿಂಗಳಿಂದ ಅಪ್ಪಯ್ಯನ ಹಳೇ ಪಿಕಪ್ಪು ಗಾಡಿಯನ್ನು ಸರಿಮಾಡುವುದರ ಹಿಂದೆ ಬಿದ್ದಿದ್ದೇನೆ. 1992ರ ಮಹೀಂದ್ರ, 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್. ಎಂಜಿನ್ನಿನ ಬಗ್ಗೆ ತಕರಾರೇ ಇಲ್ಲ. ಹೊಸ ಹೀಟರ್ ಪ್ಲಗ್ ಹಾಕಿ, ಡೀಸೆಲ್ ಲೈನಿನ ಗಾಳಿ ತೆಗೆದ ದಿನವೇ ಸ್ಟಾರ್ಟ್ ಆಯಿತು. ಅಂಗಳದಲ್ಲೇ ನಿಲ್ಲಿಸಿಕೊಂಡು ಟಿಂಕರಿಂಗ್ ಮಾಡಿಸಿದೆ. ಪೇಂಟರ್ ಪುಟ್ಟಿ ಹಚ್ಚಿ, ಉಜ್ಜಿ, ಅದೇ ಹಳೇ ಹಸಿರು ಬಣ್ಣ ಹೊಡೆದ. ಅಮ್ಮ ಬಂದು ಬಾನೆಟ್ ಮುಟ್ಟಿ ನೋಡಿ, ಏನೂ ಹೇಳದೆ ಒಳಗೆ ಹೋದರು.

ಮೇಸ್ತ್ರಿಯನ್ನು ಕರೆಸಿದ್ದು ಬ್ರೇಕ್ ನೋಡಲು. ಎಪ್ಪತ್ತು ದಾಟಿದವರು, ತೀರ್ಥಹಳ್ಳಿ ಕಡೆಯ ಜೀಪುಗಳ ಹೊಟ್ಟೆಯೆಲ್ಲ ಕಂಡವರು. ಬಣ್ಣದ ಬಗ್ಗೆ ಒಂದು ಮಾತು ಆಡುತ್ತಾರೆಂದು ಕಾದೆ. ಆಡಲಿಲ್ಲ. ಗೋಣಿಚೀಲ ಹಾಸಿ ಕೆಳಗೆ ಜಾರಿ, ಸಣ್ಣ ಸುತ್ತಿಗೆಯಿಂದ ಚಾಸಿ, ಅಂದರೆ ಗಾಡಿಯನ್ನೆಲ್ಲ ಹೊರುವ ಕಬ್ಬಿಣದ ಚೌಕಟ್ಟು, ಬಡಿಯತೊಡಗಿದರು. ಟಣ್. ಒಂದು ಗೇಣು ಹಿಂದೆ, ಟಣ್. ಇನ್ನೊಂದು ಗೇಣು, ಟಣ್. ಹಿಂದಿನ ಪ್ಲೇಟ್ ಸೆಟ್ಟಿನ (ಪಟ್ಟಿ ಸ್ಪ್ರಿಂಗಿನ) ಹತ್ತಿರ ಬಂದಾಗ, ಪೊತ್.

"ಇಲ್ಲಿ ಇಲ್ಲ."

"ಎಂತ ಇಲ್ಲ ಮೇಸ್ತ್ರಿ?"

"ಬಣ್ಣ ಇದೆ. ಕಬ್ಬಿಣ ಇಲ್ಲ."

ಸ್ಕ್ರೂಡ್ರೈವರ್ ಒತ್ತಿದರು. ಹಿಡಿಯವರೆಗೂ ಹೋಯಿತು. ಉದುರಿದ ಚೂರನ್ನು ನನ್ನ ಅಂಗೈಗೆ ಹಾಕಿದರು. ಅದರ ಅಂಚು ನೋಡಿದರೆ ಕಪ್ಪು, ತುಕ್ಕು, ಮತ್ತೆ ಕಪ್ಪು, ಮತ್ತೆ ತುಕ್ಕು. ಹಳೇ ಮರದ ತೊಗಟೆಯ ಹಾಗೆ.

ಆ ಕಪ್ಪು ಬಳಿದವರಲ್ಲಿ ನಾನೂ ಒಬ್ಬ. ಎಂಟು ವರ್ಷ ದಾಟಿದ ಸರಕಿನ ಗಾಡಿಗೆ ಪ್ರತಿವರ್ಷ ಎಫ್‌ಸಿ, ಅಂದರೆ ರಸ್ತೆಗಿಳಿಯಲು ಯೋಗ್ಯವೆನ್ನುವ ಸರ್ಟಿಫಿಕೇಟು, ಆಗಬೇಕು. ಎಫ್‌ಸಿಯ ಹಿಂದಿನ ದಿನ ಅಪ್ಪಯ್ಯ ಡಬ್ಬಿ, ಬ್ರಷ್ ಕೊಟ್ಟು ನನ್ನನ್ನು ಗಾಡಿಯ ಕೆಳಗೆ ಕಳಿಸುತ್ತಿದ್ದರು. ಕೆರೆದು ಹೊಡಿ ಅಂತ ಯಾರೂ ಹೇಳಲಿಲ್ಲ. ಮಣ್ಣಿನ ಮೇಲೆ, ಗೊಬ್ಬರದ ಮೇಲೆ ಹೊಡೆದೆ. ಹೊಳೆಯುವ ಚಾಸಿ ನೋಡಿ ಹಿಗ್ಗಿದ್ದೆ.

ಈ ಪಿಕಪ್ಪು ಹೊತ್ತಿದ್ದು ಬರೀ ಅಡಿಕೆ ಮೂಟೆಯಲ್ಲ. ಹಸಿ ಸಗಣಿ, ಸೊಪ್ಪು, ಪೊಟ್ಯಾಷ್ ಚೀಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಸತ್ವ ಕೊಡಬೇಕೆನ್ನುವುದು ಶಿಫಾರಸು. ತೋಟಕ್ಕೆಲ್ಲ ಎಷ್ಟು ಚೀಲವಾಯಿತು, ಎಷ್ಟು ಚೀಲ ಹರಿದು ಸೋರಿತು! ನಾವು ತರುತ್ತಿದ್ದ ಎಂಒಪಿ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಉಪ್ಪಿನ ಜಾತಿಯೇ. ಮಲೆನಾಡಿನ ಮಳೆಗಾಲದ ತೇವ ಸಿಕ್ಕರೆ ಕಬ್ಬಿಣವನ್ನು ಬಿಡುತ್ತದೆಯೇ? ಗಾಡಿಯನ್ನು ಹಳ್ಳಕ್ಕೆ ಒಯ್ದು ಬಾಡಿ ತೊಳೆಯುತ್ತಿದ್ದೆವು. ಚಾಸಿಯ ಸಂದಿಗೆ ಕೈ ಹಾಕಿದವರಿಲ್ಲ.

ಪೇಂಟರ್ ಮೇಲೆ ಸಿಟ್ಟು ಬಂದಿದ್ದು ನಿಜ. ಕೆಳಗೆ ಕಪ್ಪು ಹೊಡೆಯುವಾಗ ಅವನ ಕೈಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿರುತ್ತದೆ. ನಾನು ಕೇಳಿರಲಿಲ್ಲ, ಅವನು ಹೇಳಲಿಲ್ಲ. ಅವನಿಗೆ ಕೊಟ್ಟಿದ್ದು ಮೂವತ್ತೆಂಟು ಸಾವಿರ.

ಮೇಸ್ತ್ರಿ ಕೈ ಒರೆಸಿಕೊಳ್ಳುವಾಗ ಐನೂರರ ನೋಟು ಚಾಚಿದೆ. "ಕೆಲಸ ಎಲ್ಲಿ ಮಾಡಿದೆ ಮಾರಾಯ್ರೆ? ನೋಡಿದ್ದಕ್ಕೆ ಎಂತ ದುಡ್ಡು?" ಅಂದುಬಿಟ್ಟರು. ಕಾಫಿ ಕುಡಿದು ಹೊರಟರು.

ನನಗೆ ನಿದ್ದೆ ಕೆಡಿಸಿದ್ದು ತುಕ್ಕಲ್ಲ, ಈ ಮಾತು. ಐವತ್ತು ವರ್ಷ ಕೆಲಸ ಮಾಡಿ ಪಡೆದ ಆ ಕಿವಿಗೆ ಅವರೇ ಬೆಲೆ ಕಟ್ಟುವುದಿಲ್ಲ. ಕಟ್ಟಲು ನಾವು ಬಿಟ್ಟಿಲ್ಲ. ಅಪ್ಪಯ್ಯನೂ ಬಿಡಿಭಾಗಕ್ಕೆ, ಕೂಲಿಗೆ ದುಡ್ಡು ಕೊಟ್ಟರೇ ಹೊರತು "ನೋಡಿ ಹೇಳಿದ್ದಕ್ಕೆ" ಅಂತ ಕೊಟ್ಟಿದ್ದು ನಾನು ಕಂಡಿಲ್ಲ. ಮೇಸ್ತ್ರಿಯ ಮಗ ಬೆಂಗಳೂರಿನಲ್ಲಿ ಬೇರೇನೋ ಕೆಲಸದಲ್ಲಿದ್ದಾನೆ. ಮತ್ತೇಕೆ ಈ ಗೋಣಿಚೀಲದ ಮೇಲೆ ಮಲಗಬೇಕು ಅವನು?

ತಮ್ಮ ಫೋನಿನಲ್ಲಿ "ಗುಜರಿಗೆ ಹಾಕು" ಅಂದ. ಅವನು ಯಾವತ್ತೂ ಲೆಕ್ಕದ ಮನುಷ್ಯ, ಲೆಕ್ಕ ಸರಿಯೂ ಇದೆ. ಆದರೆ ಕೊಡುವುದಿಲ್ಲ. ಹಿಂದಿನ ಹಲಗೆಯ ಮೇಲೆ ನನ್ನ ಮಗಳು ಕೂರುತ್ತಾಳೆ. ಅದರ ಕೆಳಗೇ "ಇಲ್ಲಿ ಇಲ್ಲ". ಅಷ್ಟು ತಿಳಿದ ಮೇಲೆ ಇದನ್ನು ಸರಿಮಾಡುವ ಕೆಲಸ ಈಗಷ್ಟೇ ಶುರುವಾಗಿದೆ.

ಮೇಸ್ತ್ರಿ ಸೀಮೆಸುಣ್ಣದಲ್ಲಿ ಏಳು ಕಡೆ ಸುತ್ತು ಗುರುತು ಹಾಕಿದ್ದಾರೆ. ಭಾನುವಾರ ವೆಲ್ಡರ್ ಜತೆ ಬರುತ್ತಾರೆ. ಅವತ್ತು ನೋಡಿದ್ದಕ್ಕೂ ಸೇರಿಸಿಯೇ ಕೊಡುವವನು, ಬೈದರೂ ಸರಿ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನಾನೂ ಕೆಳಗೆ ಮಲಗಿ ಬಡಿದು ನೋಡಿದೆ. ಟಣ್, ಟಣ್. ಅವರ ಏಳೂ ಕಡೆ ಪೊತ್. ಎಡಗಡೆ ಒಂದು ಜಾಗದಲ್ಲಿ ಮಾತ್ರ ಟಣ್ಣೋ ಪೊತ್ತೋ ಎಷ್ಟು ಬಡಿದರೂ ತಿಳಿಯಲಿಲ್ಲ. ಅಲ್ಲಿ ಒಂದು ಸಣ್ಣ ಗೀಟು ಎಳೆದಿಟ್ಟಿದ್ದೇನೆ, ಅವರನ್ನು ಕೇಳಲು.